ಆರಿದ್ರಾ ನಕ್ಷತ್ರ ಹೋದ್ರೆ ಆರಿದ್ರಾ ಮಳೆ ಕಥೆ ಏನು?

ಸಂಪಾದಕರಿಗೆ ನಮಸ್ಕಾರ,

ಕಳೆದ ವಾರ ನಿಮ್ಮ ಪೇಪರ್‌ನಲ್ಲಿ ನಕ್ಷತ್ರಗಳು ಹೇಗೆ ಸಾಯ್ತವೆ ಅಂತ ಒಂದು ಲೇಖನ ಬಂದಿತ್ತು. ಫೋಟೋ ಚೆನ್ನಾಗಿತ್ತು, ಆದ್ರೆ ಎಲ್ಲಾ ನಕ್ಷತ್ರನೂ ಕೊನೆಗೆ ಸಿಡಿದು ಬೆಳಕನ್ನೂ ಹೊರಗೆ ಬಿಡದ ಕಪ್ಪುರಂಧ್ರ ಆಗುತ್ತೆ, ನಮ್ಮ ಸೂರ್ಯನಿಗೂ ಅದೇ ಗತಿ ಅಂತ ಬರ್ದಿದ್ರಲ್ಲ, ಅದು ತಪ್ಪು. ನಮ್ಮೂರ ಚಾ ಅಂಗಡೀಲಿ ಅದನ್ನ ಹಿಡ್ಕೊಂಡು ಎರಡು ದಿನ ವಾದ ನಡೀತು, ಅದಕ್ಕೇ ಈ ಪತ್ರ.

ಸೂರ್ಯ ಸಿಡಿಯಲ್ಲ ಸ್ವಾಮಿ, ಸಿಡಿಯೋಷ್ಟು ತೂಕ ಅದಕ್ಕಿಲ್ಲ. ಇನ್ನು ಸುಮಾರು 500 ಕೋಟಿ ವರ್ಷಕ್ಕೆ ಒಡಲಿನ ಹೈಡ್ರೋಜನ್ ಮುಗಿದು, ಊದ್ಕೊಂಡು ಕೆಂಪು ದೈತ್ಯ ಆಗಿ, ಬುಧ ಶುಕ್ರ ಎರಡನ್ನೂ ನುಂಗಿ (ಭೂಮೀನ ನುಂಗುತ್ತೋ ಇಲ್ವೋ ಅಂತ ವಿಜ್ಞಾನಿಗಳಲ್ಲೇ ಜಗಳ ಇದೆ, ಸಮುದ್ರ ಅಂತೂ ಅದಕ್ಕೆ ಎಷ್ಟೋ ಮೊದ್ಲೇ ಆವಿಯಾಗಿ ಹೋಗಿರುತ್ತೆ) ಆಮೇಲೆ ಮೈಮೇಲಿನ ಪದರ ಎಲ್ಲ ಕಳಚ್ಕೊಂಡು ಭೂಮಿ ಗಾತ್ರದ ಒಂದು ಬಿಳಿ ಕುಬ್ಜ ಉಳಿಯುತ್ತೆ. ಅಡುಗೆ ಆದ್ಮೇಲೆ ಒಲೇಲಿ ಕೆಂಡ ಉಳಿಯುತ್ತಲ್ಲ ಹಾಗೆ, ಹೊಸ ಸೌದೆ ಇಲ್ಲ, ಸುಮ್ನೆ ಆರ್ತಾ ಹೋಗುತ್ತೆ.

ಈ ಬಿಳಿ ಕುಬ್ಜಕ್ಕೆ ಸೂರ್ಯನ ಸುಮಾರು 1.4 ಪಟ್ಟಿಗಿಂತ ಜಾಸ್ತಿ ತೂಕ ತಡ್ಕೊಳ್ಳೋಕಾಗಲ್ಲ ಅನ್ನೋ ಲೆಕ್ಕಕ್ಕೆ ಕೈ ಹಾಕಿದ್ದು 1930ರಲ್ಲಿ ಹಡಗಲ್ಲಿ ಇಂಗ್ಲೆಂಡಿಗೆ ಹೊರಟಿದ್ದ 19 ವರ್ಷದ ಹುಡುಗ, ಸುಬ್ರಹ್ಮಣ್ಯನ್ ಚಂದ್ರಶೇಖರ್. 1935ರಲ್ಲಿ ಲಂಡನ್ನಿನ ಖಗೋಳ ವಿಜ್ಞಾನಿಗಳ ಸಭೇಲಿ ಎಡಿಂಗ್ಟನ್ ಅಂಥ ದೊಡ್ಡ ವಿಜ್ಞಾನಿ ಅದನ್ನ ಎಲ್ಲರೆದುರು ಗೇಲಿ ಮಾಡಿದ್ರು, ನೊಬೆಲ್ ಸಿಗೋಷ್ಟೊತ್ತಿಗೆ 1983 ಆಗಿತ್ತು. ನಿಮ್ಮ ಅರ್ಧ ಪುಟದ ಲೇಖನದಲ್ಲಿ ಅವರ ಹೆಸರೇ ಇಲ್ಲ, ನನಗೆ ತಪ್ಪಿಗಿಂತ ಇದೇ ಜಾಸ್ತಿ ಬೇಜಾರಾಗಿದ್ದು.

ಸಿಡಿಯೋದು ಹುಟ್ಟುವಾಗ್ಲೇ ಸೂರ್ಯನ ಸುಮಾರು ಎಂಟು ಪಟ್ಟಿಗಿಂತ ಭಾರ ಇದ್ದ ನಕ್ಷತ್ರಗಳು. ಹೈಡ್ರೋಜನ್ ಆಯ್ತು, ಹೀಲಿಯಂ ಆಯ್ತು, ಕಾರ್ಬನ್ ಆಯ್ತು ಅಂತ ಒಂದೊಂದೇ ಸುಟ್ಕೊಂಡು ಬರ್ತವೆ, ಮೊದಲನೇದಕ್ಕೆ ಲಕ್ಷಾಂತರ ವರ್ಷ ಹಿಡಿದ್ರೆ ಕೊನೇ ಸಿಲಿಕಾನ್ ಕೆಲವೇ ದಿನದಲ್ಲಿ ಖಾಲಿ, ಉಳಿಯೋದು ಕಬ್ಬಿಣ. ಕಬ್ಬಿಣ ಬೆಸೆದ್ರೆ ಶಕ್ತಿ ಬರಲ್ಲ, ಒಳಗಿಂದ ತಳ್ಳೋರೇ ಇಲ್ಲ, ಒಂದು ಸೆಕೆಂಡೂ ಆಗೋಲ್ಲ ಒಡಲು ಕುಸಿಯುತ್ತೆ, ಹೊರಗಿಂದು ಸಿಡಿಯುತ್ತೆ. ಆಮೇಲೂ ಹೆಚ್ಚಿನವು ಸೂರ್ಯನಿಗಿಂತ ಜಾಸ್ತಿ ತೂಕ ಒತ್ತಿ ತುಂಬಿದ, ಬರೀ 20 ಕಿಲೋಮೀಟರ್ ಅಗಲದ ನ್ಯೂಟ್ರಾನ್ ನಕ್ಷತ್ರ ಆಗ್ತವೆ, ತೀರಾ ಭಾರದವು ಮಾತ್ರ ಕಪ್ಪುರಂಧ್ರ. 1054ರಲ್ಲಿ ಚೀನಾದವರು ಹಗಲಲ್ಲೇ 23 ದಿನ ನೋಡಿ ಬರೆದಿಟ್ಟಿದ್ದು ಇಂಥದ್ದೇ ಸ್ಫೋಟ, ಅದರಿಂದ ಉಳಿದ ಅನಿಲ ಧೂಳಿನ ಮೋಡವೇ ಏಡಿ ನೀಹಾರಿಕೆ, ಅದರ ನಡುವೆ ಒಂದು ನ್ಯೂಟ್ರಾನ್ ನಕ್ಷತ್ರ ಈಗ್ಲೂ ಸೆಕೆಂಡಿಗೆ 30 ಸುತ್ತು ತಿರುಗ್ತಾ ಇದೆ.

ಈಗ ಚಾ ಅಂಗಡಿ ಪ್ರಶ್ನೆಗೆ ಬರ್ತೀನಿ. ಮಹಾವ್ಯಾಧ ಅನ್ನೋ ಬೇಟೆಗಾರನ ಆಕಾರದ ನಕ್ಷತ್ರಪುಂಜದ ಹೆಗಲಲ್ಲಿ ಕೆಂಪಗೆ ಕಾಣೋ ಆರಿದ್ರಾ ಮುದಿ ನಕ್ಷತ್ರ, 2019ರ ಕೊನೇಲಿ ಮಂಕಾದಾಗ ಇನ್ನೇನು ಸಿಡೀತು ಅಂತ ಎಲ್ಲ ಕಡೆ ಗುಲ್ಲೆದ್ದಿತ್ತು, ಆಮೇಲೆ ನೋಡಿದ್ರೆ ಅದೇ ಉಗುಳಿದ ಧೂಳು ಅಡ್ಡ ಬಂದಿತ್ತಂತೆ. ಇನ್ನೊಂದು ಲಕ್ಷ ವರ್ಷದೊಳಗೆ ಯಾವತ್ತಾದ್ರೂ ಸಿಡೀಬಹುದು. ಹಾಗಾದ್ರೆ ಆರಿದ್ರಾ ಮಳೆ ನಿಂತು ಹೋಗುತ್ತಾ ಅಂತ ನಮ್ಮೂರ ಹಿರಿಯರೊಬ್ರು ಸೀರಿಯಸ್ಸಾಗೇ ಕೇಳಿದ್ರು. ನಿಲ್ಲಲ್ಲ. ಸೂರ್ಯ ಆಕಾಶದ ಆ ಭಾಗಕ್ಕೆ ಬರೋ ಎರಡು ವಾರಕ್ಕೆ ಆ ಹೆಸರು ಅಷ್ಟೆ, ಮಳೆ ತರೋದು ಮುಂಗಾರು. ತಮಾಷೆ ಏನಂದ್ರೆ ಜೂನ್ ಕೊನೇಲಿ ನಾವು ಆರಿದ್ರಾ ಆರಿದ್ರಾ ಅನ್ನುವಾಗ ಆ ನಕ್ಷತ್ರ ಕಣ್ಣಿಗೇ ಬೀಳಲ್ಲ, ಸೂರ್ಯನ ಜೊತೆ ಹಗಲಲ್ಲೇ ಹುಟ್ಟಿ ಮುಳುಗುತ್ತೆ. ಆದ್ರೆ ಅದು ಸಿಡಿದ ಬೆಳಕು ಅದೇ ಹೊತ್ತಿಗೆ ನಮ್ಮನ್ನ ಮುಟ್ಟಿದ್ರೆ ಆಗ ಹಾಡುಹಗಲಲ್ಲೇ ಕಾಣುತ್ತೆ, ನಮ್ಮ ಕಡೆ ಮೋಡ ಬಿಟ್ರೆ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ, ಶಿರಸಿ ತಾಲ್ಲೂಕು