ಪೆಟ್ಟಿಗೆಯಲ್ಲಿಟ್ಟ ಒಂಬತ್ತು ಪುಸ್ತಕಗಳು

ಶಿವಮೊಗ್ಗ

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದಗಳು.

ಪುಣೆಯಲ್ಲಿ ನಾಲ್ಕೈದು ಕನ್ನಡದ ಮನೆಗಳವರು ಸೇರಿ ತಿಂಗಳಿಗೊಮ್ಮೆ ಒಂದು ಪುಸ್ತಕ ಓದಿ ಮಾತನಾಡುವ ಏರ್ಪಾಡು ಮಾಡಿಕೊಂಡಿದ್ದೀರೆಂದೂ, ಯಾವ ಪುಸ್ತಕಗಳನ್ನು ಹಿಡಿಯಬೇಕೆಂದು ನನ್ನನ್ನು ಕೇಳುವ ಕೆಲಸ ನಿನ್ನ ಪಾಲಿಗೆ ಬಂದಿದೆಯೆಂದೂ ಹೇಳಿದೆ. ಕೇಳಿ ಬಹಳ ಸಂತೋಷವಾಯಿತು. ಆದರೆ ಫೋನಿನಲ್ಲಿ ನಾಲ್ಕು ಹೆಸರು ಹೇಳಿ ಮುಗಿಸಲು ಮನಸ್ಸಾಗಲಿಲ್ಲ. ನಿನ್ನ ಬಳಗದವರೆಲ್ಲ ಕುವೆಂಪು, ಕಾರಂತ, ತೇಜಸ್ವಿಯವರನ್ನು ಓದಿಕೊಂಡೇ ಬೆಳೆದವರು. ಅವರಿಗೆ ಬೇಕಾಗಿರುವುದು ಈಚಿನ ಹತ್ತು ಹನ್ನೆರಡು ವರ್ಷಗಳ ಕನ್ನಡ. ಆದ್ದರಿಂದ ಎರಡು ವಾರ ಕಪಾಟಿನ ಮುಂದೆ ಕುಳಿತು, ಒಂಬತ್ತು ಪುಸ್ತಕಗಳನ್ನು ತೆಗೆದು ಪೆಟ್ಟಿಗೆ ಕಟ್ಟಿ ಕಳಿಸುತ್ತಿದ್ದೇನೆ. ಯಾವುದನ್ನು ಏಕೆ ಇಟ್ಟೆನೆಂದು ಹೇಳಲು ಈ ಪತ್ರ.

ಆಯ್ಕೆಗೆ ನಾನು ಇಟ್ಟುಕೊಂಡ ಅಳತೆ ಒಂದೇ. ಓದಿ ಮುಚ್ಚಿಟ್ಟ ಮೇಲೆ ಮನೆಯವರಲ್ಲಿ ಒಬ್ಬರನ್ನಾದರೂ ಕರೆದು, ಇಷ್ಟು ದಿನ ಕೇಳದೆ ಬಿಟ್ಟಿದ್ದ ಏನನ್ನೋ ಕೇಳಬೇಕೆಂದು ನನಗೆ ಅನ್ನಿಸಿದ ಪುಸ್ತಕಗಳು ಮಾತ್ರ ಪೆಟ್ಟಿಗೆಯಲ್ಲಿವೆ. ಬಹುಮಾನ ಬಂದವೂ ಇವೆ, ಬಾರದವೂ ಇವೆ; ಬಹುಮಾನ ನೋಡಿ ಇಟ್ಟದ್ದು ಒಂದೂ ಇಲ್ಲ.

ಎಲ್ಲಕ್ಕಿಂತ ಮೇಲೆ ಇಟ್ಟಿರುವುದು ವಿವೇಕ ಶಾನಭಾಗರ 'ಸಕೀನಾಳ ಮುತ್ತು'. 2013ರಲ್ಲಿ ಬಂದ ಅವರ 'ಘಾಚರ್ ಘೋಚರ್' ನಿನಗೆ ಗೊತ್ತೇ ಇದೆ. ಮಸಾಲೆ ಪುಡಿಯ ವ್ಯಾಪಾರದಿಂದ ಏಕಾಏಕಿ ಹಣ ಬಂದ ಮೇಲೆ ಒಂದು ಮನೆಯವರ ನಡತೆ ಹೇಗೆ ಬದಲಾಗುತ್ತದೆ, ಆ ಸುಖವನ್ನು ಉಳಿಸಿಕೊಳ್ಳಲು ಅವರು ಯಾವುದನ್ನೆಲ್ಲ ನೋಡಿಯೂ ನೋಡದಂತೆ ಇರುತ್ತಾರೆ ಎಂಬುದನ್ನು ಆ ನೀಳ್ಗತೆ ಹೇಳಿದ ಬಗೆಯನ್ನು ನೀನು ಪಿಯುಸಿಯಲ್ಲಿದ್ದಾಗ ಊಟದ ಹೊತ್ತಿನಲ್ಲಿ ನಮಗೆಲ್ಲ ವಿವರಿಸಿದ್ದೆ. 2021ರಲ್ಲಿ ಬಂದ ಈ ಕಾದಂಬರಿ ಅದಕ್ಕಿಂತ ಹೆಚ್ಚು ಕಷ್ಟದ್ದು, ನನಗಂತೂ ಹೆಚ್ಚು ಹತ್ತಿರದ್ದು. ಕತೆ ಹೇಳುವವನು ಒಬ್ಬ ತಂದೆ, ವೆಂಕಟರಮಣ. ನಗರದಲ್ಲಿ ಒಳ್ಳೆಯ ಕೆಲಸ, ಸ್ವಂತ ಮನೆ, ದುಡಿಯುವ ಹೆಂಡತಿ, ಕಾಲೇಜಿಗೆ ಹೋಗುವ ಮಗಳು ರೇಖಾ. ಊರಿಗೆ ಹೋಗಿರುವ ಆ ಮಗಳನ್ನು ಕೇಳಿಕೊಂಡು ಒಂದು ದಿನ ಇಬ್ಬರು ಹುಡುಗರು ಬಾಗಿಲು ತಟ್ಟುತ್ತಾರೆ. ಅಲ್ಲಿಂದ ಮುಂದಿನ ಕೆಲವೇ ದಿನಗಳಲ್ಲಿ ಆ ತಂದೆಗೆ ತಾನು ಎಷ್ಟು ಸಂಗತಿಗಳನ್ನು ಅರಿಯದೆ ಬದುಕಿದ್ದೇನೆ ಎಂಬುದು ತೆರೆದುಕೊಳ್ಳುತ್ತ ಹೋಗುತ್ತದೆ.

ಇವನು ಕೆಟ್ಟವನಲ್ಲ, ಮಗಳೇ. ಕೆಟ್ಟವನಾಗಿದ್ದರೆ ನಾನು ಆರಾಮವಾಗಿ ಓದಿ ಮುಗಿಸುತ್ತಿದ್ದೆ. ಹೆಂಡತಿಗೂ ಮಗಳಿಗೂ ತಾನು ಪೂರ್ತಿ ಸ್ವಾತಂತ್ರ್ಯ ಕೊಟ್ಟಿದ್ದೇನೆಂದು ಅವನು ಪ್ರಾಮಾಣಿಕವಾಗಿಯೇ ನಂಬಿದ್ದಾನೆ. ಆದರೆ ಕೊಡುವವನು ತಾನು ಎಂಬ ಎಣಿಕೆಯಲ್ಲೇ ತೊಡಕಿರುವುದು ಅವನಿಗೆ ಹೊಳೆಯುವುದಿಲ್ಲ. ಮೊದಲ ಸಲ ಓದಿದಾಗ ರೇಖಾಳ ಮಾತು ಒರಟೆನ್ನಿಸಿತು. ಎರಡನೆಯ ಸಲ ಓದುವಾಗ, ನೀನು ಪುಣೆಯ ಕೆಲಸ ಒಪ್ಪಿಕೊಂಡ ವಾರ ನಾನು ಕೇಳಿದ್ದ ಪ್ರಶ್ನೆಗಳೆಲ್ಲ ನೆನಪಿಗೆ ಬಂದವು: ಮನೆ ಬಾಡಿಗೆ ಎಷ್ಟು, ಬಸ್ಸು ಎಷ್ಟು ಹೊತ್ತಿಗೆ, ಜೊತೆಗೆ ಇರುವವರು ಯಾರು ಎಂದು ಕೇಳಿದ್ದೆನೇ ಹೊರತು, ನಿನಗೆ ಆ ಕೆಲಸ ಏಕೆ ಬೇಕೆನ್ನಿಸಿತೆಂದು ಕೇಳಿರಲಿಲ್ಲ. ನಿನ್ನ ಬಳಗದಲ್ಲಿ ತಂದೆಯರಿದ್ದರೆ ಅವರು ಇದನ್ನು ಓದಲಿ, ಹೆಣ್ಣುಮಕ್ಕಳು ಕೂಡ ಜೊತೆಯಲ್ಲೇ ಓದಲಿ. ಆಮೇಲೆ ರೇಖಾಳ ಕಡೆಯಿಂದ ಈ ಕತೆಯನ್ನು ಯಾರಾದರೂ ಬಾಯಿಮಾತಿನಲ್ಲಿ ಹೇಳಲು ಪ್ರಯತ್ನಿಸಬೇಕು. ಇಡೀ ಪುಸ್ತಕ ತಂದೆಯ ದನಿಯಲ್ಲೇ ಇರುವುದರಿಂದ ಮಗಳ ಪಾಲಿನ ಕತೆಯನ್ನು ಓದುಗರೇ ಕಟ್ಟಿಕೊಳ್ಳಬೇಕಾಗುತ್ತದೆ.

ಎರಡನೆಯದು ಬಾನು ಮುಷ್ತಾಕರ ಕತೆಗಳ ಕನ್ನಡ ಸಂಪುಟ. ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ ನೀವೆಲ್ಲ ಅದನ್ನು ಕೊಂಡು ಓದಿದಿರಿ. ಒಳ್ಳೆಯದೇ ಆಯಿತು, ಕನ್ನಡದ ಪುಸ್ತಕವೊಂದಕ್ಕೆ, ಹಾಗೆಯೇ ಸಣ್ಣಕತೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಕನ್ನಡದ, ಉರ್ದುವಿನ, ಅರಬಿಯ ಮಾತುಗಳನ್ನು ಓರೆ ಅಕ್ಷರಗಳಲ್ಲಿ ಬೇರ್ಪಡಿಸದೆ, ಅಡಿಟಿಪ್ಪಣಿ ಹಾಕದೆ ಹಾಗೆಯೇ ಉಳಿಸಿಕೊಂಡ ಅನುವಾದಕಿಯ ನಿರ್ಧಾರ ನನಗೆ ತುಂಬ ಮೆಚ್ಚುಗೆಯಾಯಿತು. ಆದರೂ ಕನ್ನಡ ಬಲ್ಲ ನೀವು ಇವುಗಳನ್ನು ಕನ್ನಡದಲ್ಲಿ ಓದದೆ ಬಿಡಬಾರದು. ಹಾಸನದ ಮುಸ್ಲಿಂ ಮನೆಗಳ ಮಾತು, ಮಸೀದಿಯ ಆಡಳಿತದವರ ದರ್ಪ, ತವರಿನವರ ಲೆಕ್ಕಾಚಾರ, ಇವೆಲ್ಲ ನಾವು ದಿನವೂ ಆಡುವ ಭಾಷೆಯಲ್ಲೇ ಎದುರಾದಾಗ, ಇದು ಯಾರೋ ಬೇರೆಯವರ ಕತೆ ಎಂದು ದೂರ ನಿಲ್ಲಲು ಆಗುವುದಿಲ್ಲ.

ಇಂಗ್ಲಿಷ್ ಸಂಕಲನಕ್ಕೆ ಆರಿಸಿದ 12 ಕತೆಗಳು 1990ರಿಂದ 2023ರವರೆಗಿನ ಅವಧಿಯಲ್ಲಿ ಬರೆದವು. ಎಂದರೆ ಆ ಮೂವತ್ತಕ್ಕೂ ಹೆಚ್ಚು ವರ್ಷ ಅವು ನಮ್ಮ ಪಕ್ಕದಲ್ಲೇ ಇದ್ದವು. ಬಂಡಾಯ ಸಾಹಿತ್ಯ ಚಳವಳಿಯ ದಿನಗಳಿಂದಲೂ ಬರೆಯುತ್ತಿದ್ದ, ವಕೀಲಿ ವೃತ್ತಿಯಲ್ಲಿ ಹೆಣ್ಣುಮಕ್ಕಳ ಕಷ್ಟಗಳನ್ನು ಹತ್ತಿರದಿಂದ ಕಂಡ ಈ ಲೇಖಕಿಯನ್ನು ನಾನು ಮನಸ್ಸಿಟ್ಟು ಓದಲು ತೊಡಗಿದ್ದು ಹೊರಗಿನವರು ಓದಿದ ಮೇಲೆಯೇ. ಇದು ನನ್ನನ್ನು ಈಗಲೂ ನೋಯಿಸುತ್ತದೆ. 'ಎದೆಯ ಹಣತೆ' ಕತೆಯಲ್ಲಿ ಗಂಡ ಬೇರೊಬ್ಬಳ ಬೆನ್ನು ಹತ್ತಿದ್ದಾನೆಂದು ತವರಿಗೆ ಬಂದ ಮೆಹರುನ್‌ಳನ್ನು ಅಣ್ಣಂದಿರು ಮಾನದ ಮಾತೆತ್ತಿ ಮರಳಿ ಅದೇ ಮನೆಗೆ ಬಿಟ್ಟು ಬರುತ್ತಾರೆ. ಆ ರಾತ್ರಿ ಸೀಮೆಎಣ್ಣೆ ಸುರಿದುಕೊಂಡ ತಾಯಿಯನ್ನು ತಡೆಯುವವಳು ಅವಳ ಹಿರಿಯ ಮಗಳು ಸಲ್ಮಾ. ನಿಮ್ಮಲ್ಲಿ ಯಾರಾದರೂ ಆ ಪುಟಗಳನ್ನು ಗಟ್ಟಿಯಾಗಿ ಓದಿರಿ. 'ಒಮ್ಮೆ ಹೆಣ್ಣಾಗು ಪ್ರಭುವೇ' ಕತೆಯನ್ನು ಮಾತ್ರ ಒಬ್ಬೊಬ್ಬರೇ ಓದಿಕೊಂಡು ಬರುವುದು ಲೇಸು. ಅದನ್ನು ಓದಿದ ಕೂಡಲೇ ಮಾತನಾಡುವುದು ಕಷ್ಟ.

ಇದರ ಜೊತೆಗೆ ಬರುತ್ತಿರುವುದು ವಿಜಯಾ ಅವರ ಆತ್ಮಕತೆ 'ಕುದಿ ಎಸರು', 2019ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಪತ್ರಿಕೆ, ರಂಗಭೂಮಿ, ಸಿನಿಮಾ ಬರವಣಿಗೆಗಳಲ್ಲಿ ಹೆಸರು ಮಾಡಿದ ಹೆಣ್ಣುಮಗಳೊಬ್ಬಳು ಅಲ್ಲಿಗೆ ತಲುಪುವ ಮೊದಲು ಬಾಲ್ಯದಲ್ಲೂ ಮದುವೆಯಲ್ಲೂ ಏನೆಲ್ಲವನ್ನು ಸಹಿಸಬೇಕಾಯಿತು ಎಂಬುದನ್ನು ಅವರು ಯಾವ ಮರುಕವನ್ನೂ ಬೇಡದೆ ಹೇಳಿದ್ದಾರೆ. ಅನ್ನಕ್ಕೆ ಇಟ್ಟ ಎಸರು ಮುಚ್ಚಳದ ಕೆಳಗೆ ಕುದಿಯುವುದನ್ನು ದಿನವೂ ನೋಡುವವರಿಗೆ ಆ ಹೆಸರೇ ಅರ್ಧ ಕತೆ ಹೇಳುತ್ತದೆ. ಇದನ್ನು ನಾನು ಅರ್ಧ ಓದಿ ಮೇಜಿನ ಮೇಲಿಟ್ಟಿದ್ದಾಗ ನಿನ್ನ ಅಮ್ಮ ಎತ್ತಿಕೊಂಡಳು. ಆ ರಾತ್ರಿ ಅವಳು ದೀಪ ಆರಿಸಲಿಲ್ಲ. ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತ, ತನ್ನ ದೊಡ್ಡಮ್ಮನ ಮಗಳೊಬ್ಬಳ ವಿಷಯ ಹೇಳಿದಳು. ಮದುವೆಯಾಗಿ ಮೂವತ್ತು ವರ್ಷಗಳಲ್ಲಿ ಅದನ್ನು ನನ್ನೆದುರು ಎಂದೂ ಎತ್ತಿರಲಿಲ್ಲ. ಏನು ಹೇಳಿದಳೆಂದು ಇಲ್ಲಿ ಬರೆಯುವುದಿಲ್ಲ. ನೀನು ಊರಿಗೆ ಬಂದಾಗ ಅವಳನ್ನೇ ಕೇಳು.

ಇಷ್ಟನ್ನೂ ಒಂದರ ಹಿಂದೆ ಒಂದು ಓದಿದರೆ ಮನೆಯ ಗೋಡೆಗಳ ನಡುವೆಯೇ ಉಸಿರು ಕಟ್ಟಬಹುದು. ಆದ್ದರಿಂದ ನಡುವೆ ಹೊರಗೆ ಕರೆದೊಯ್ಯುವ ಎರಡು ಪುಸ್ತಕಗಳನ್ನು ಇಟ್ಟಿದ್ದೇನೆ.

ಒಂದು, ವಸುಧೇಂದ್ರರ 'ತೇಜೋ ತುಂಗಭದ್ರಾ'. ಇದು 2019ರ ಕಾದಂಬರಿ, ದಪ್ಪನೆಯದು, ಆದರೆ ಓಟವುಳ್ಳದ್ದು. ತೇಜೋ ಎಂದರೆ ಲಿಸ್ಬನ್ ನಗರದ ನದಿ. ಹದಿನೈದನೆಯ ಶತಮಾನದ ಕೊನೆಯಿಂದ ಹದಿನಾರನೆಯ ಶತಮಾನದ ಆರಂಭದವರೆಗಿನ ಕಾಲದಲ್ಲಿ ಆ ನದಿಯ ದಡದ ಗೇಬ್ರಿಯಲ್ ಮತ್ತು ಬೆಲ್ಲಾ, ನಮ್ಮ ತುಂಗಭದ್ರೆಯ ದಡದ ಕೇಶವ ಮತ್ತು ಹಂಪಮ್ಮ, ಈ ಎರಡು ಜೋಡಿಗಳ ಬದುಕು ಸಮುದ್ರ ದಾಟಿ ಗೋವೆಯ ಕಡೆಯಿಂದ ಒಂದನ್ನೊಂದು ಮುಟ್ಟುತ್ತದೆ. ಅಲ್ಲಿ ಯೆಹೂದಿಗಳನ್ನು ಬಲವಂತವಾಗಿ ಮತಾಂತರಿಸುವ ಅರಸು, ಇಲ್ಲಿ ಸತಿಯನ್ನೂ ಒಡೆಯನಿಗಾಗಿ ಪ್ರಾಣ ಕೊಡುವ ಲೆಂಕರನ್ನೂ ಮೆರೆಸುವ ಸಮಾಜ. ವಿಜಯನಗರವೆಂದರೆ ಬೀದಿಯಲ್ಲಿ ಮುತ್ತು ರತ್ನ ಅಳೆದು ಮಾರಿದರೆಂಬ ಚಿತ್ರವೊಂದೇ ನಮ್ಮ ಪಠ್ಯಪುಸ್ತಕಗಳಿಂದ ತಲೆಯಲ್ಲಿ ಉಳಿದಿತ್ತು; ಸಂಡೂರಿನ ನೆಲದಲ್ಲಿ ಬೆಳೆದ ಈ ಲೇಖಕರು ಆ ಬೀದಿಯ ಹಿಂದಿನ ಸಾಮಾನ್ಯ ಜನರನ್ನು ತೋರಿಸಿದರು. ಕೆಲವೆಡೆ ಮಾಹಿತಿಯ ಭಾರ ಹೆಚ್ಚಾಯಿತೆಂದು ನನಗೆ ಅನ್ನಿಸಿತು. ಆದರೂ ಹಂಪಮ್ಮನಿಗಾಗಿ ಈ ಪುಸ್ತಕವನ್ನು ಮತ್ತೊಮ್ಮೆ ಓದುತ್ತೇನೆ.

ಇನ್ನೊಂದು, ಕೃಪಾಕರ ಸೇನಾನಿಯವರ 'ಕೆನ್ನಾಯಿಯ ಜಾಡಿನಲ್ಲಿ'. ಕಾಡಿನ ಪುಸ್ತಕವೆಂದರೆ ತೇಜಸ್ವಿಯವರಲ್ಲಿಗೇ ನಿಂತುಬಿಡುವ ನಮ್ಮಂಥವರಿಗೆ ಇದು ಬೇಕಾಗಿತ್ತು. ಬ್ರಿಟಿಷರ ಕಾಲದಲ್ಲಿ ಕೆನ್ನಾಯಿಗಳನ್ನು ಪೀಡೆಯೆಂದು ಪಟ್ಟಿ ಮಾಡಿ, ಕೊಂದವರಿಗೆ ಇನಾಮು ಕೊಡುತ್ತಿದ್ದರು. ಬೇಟೆಯನ್ನು ಜೀವಂತ ಹರಿದು ತಿನ್ನುವ ಕ್ರೂರ ಪ್ರಾಣಿಯೆಂಬ ಹೆಸರು ಅದಕ್ಕೆ ಇಂದಿಗೂ ಅಂಟಿಕೊಂಡಿದೆ. ಅದೇ ಪ್ರಾಣಿ ಗುಂಪಿನ ಮರಿಗಳಿಗೆಲ್ಲ ಹೊಟ್ಟೆಯಿಂದ ಆಹಾರ ಕಕ್ಕಿ ಉಣಿಸುತ್ತದೆ, ಶಿಳ್ಳೆಯಂಥ ಕೂಗಿನಿಂದ ಚದುರಿದ ಬಳಗವನ್ನು ಸೇರಿಸಿಕೊಳ್ಳುತ್ತದೆ. ವರ್ಷಗಟ್ಟಲೆ ಅವುಗಳ ಹಿಂದೆ ಅಲೆದು ಚಿತ್ರೀಕರಿಸಿದವರು ಬರೆದ ಪುಸ್ತಕವಾದ್ದರಿಂದ, ಕಾಯುವುದೂ ಒಂದು ಕೆಲಸವೆಂಬುದು ಇಲ್ಲಿ ಪುಟಪುಟದಲ್ಲೂ ಕಾಣುತ್ತದೆ. ನೀನು ಚಿಕ್ಕವಳಿದ್ದಾಗ ಬಂಡೀಪುರದ ರಸ್ತೆಯಲ್ಲಿ ಕೆಂಪು ನಾಯಿಯೊಂದನ್ನು ತೋರಿಸಿ ನರಿ ಎಂದಿದ್ದೆ, ನಾನೂ ಹೌದೆಂದಿದ್ದೆ. ಅದು ಕೆನ್ನಾಯಿಯೇ ಇದ್ದಿರಬೇಕೆಂದು ಈಗ ಅನ್ನಿಸುತ್ತದೆ.

ಉಳಿದವುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಜಯಂತ ಕಾಯ್ಕಿಣಿಯವರ 'ಅನಾರ್ಕಲಿಯ ಸೇಫ್ಟಿಪಿನ್' ಕತೆಗಳನ್ನು ತಿಂಗಳ ಪುಸ್ತಕವಾಗಿ ಓದಬೇಡಿ. ಪ್ರತಿ ಸಭೆಯ ಕೊನೆಗೆ ಒಂದೊಂದು ಕತೆ ಸಾಕು. ಗೋಕರ್ಣದಿಂದ ಹೊರಟು ಮುಂಬೈಯಲ್ಲಿ ಬಹುಕಾಲ ಬದುಕಿದ ಅವರು ಪರಊರಿನಲ್ಲಿ ದುಡಿಯುವ ಜನರ ಸಣ್ಣ ಸಂಕೋಚಗಳನ್ನು, ಸಣ್ಣ ಘನತೆಗಳನ್ನು ಕಾಣುವ ಬಗೆ ನಿಮಗೆ ಬೇಗ ಹಿಡಿಸುತ್ತದೆ. ಶ್ರುತಿ ಬಿ.ಆರ್. ಅವರ 'ಜೀರೋ ಬ್ಯಾಲೆನ್ಸ್' ಕವಿತೆಗಳ ಸಂಕಲನ. 2024ರಲ್ಲಿ ಅಕಾಡೆಮಿಯ ಯುವ ಪುರಸ್ಕಾರ ಪಡೆಯಿತು. ನಿನ್ನ ತಲೆಮಾರಿನ ಹೆಣ್ಣುಮಕ್ಕಳು ಕವಿತೆಯಲ್ಲಿ ಏನು ಹೇಳುತ್ತಿದ್ದಾರೆಂದು ನನಗಿಂತ ನೀನು ಚೆನ್ನಾಗಿ ಹೇಳಬಲ್ಲೆ. ನಿನ್ನ ಅಭಿಪ್ರಾಯಕ್ಕೆ ಕಾದಿದ್ದೇನೆ. ಸಿದ್ದಾಪುರದ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ' ಬಳಗದ ಮನೆಗಳ ಮಕ್ಕಳಿಗೆ. ಕನ್ನಡ ಮಾತನಾಡಿದರೂ ಓದಲು ಬಾರದ ಮಕ್ಕಳು ಅಲ್ಲಿ ಹೆಚ್ಚೆಂದು ನೀನು ಬೇಸರದಿಂದ ಹೇಳಿದ್ದೆಯಲ್ಲ. ದೊಡ್ಡವರು ಮಾತನಾಡುತ್ತಿರುವಾಗ ಒಬ್ಬರು ಪಕ್ಕದ ಕೋಣೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಇದನ್ನು ಓದಿ ಹೇಳಲಿ.

ಒಂಬತ್ತನೆಯದು ಲಕ್ಷ್ಮೀಶ ತೋಳ್ಪಾಡಿಯವರ 'ಮಹಾಭಾರತ ಅನುಸಂಧಾನದ ಭಾರತಯಾತ್ರೆ', 2023ರ ಅಕಾಡೆಮಿ ಪ್ರಶಸ್ತಿ ಪಡೆದ ಪ್ರಬಂಧಗಳು. ಇದನ್ನು ಒಂದೇ ಬೀಸಿನಲ್ಲಿ ಓದಿ ಮುಗಿಸಲು ಹೋದರೆ ಸೋಲುತ್ತೀರಿ. ದಿನಕ್ಕೆ ಒಂದು ಪ್ರಬಂಧ, ಅದೂ ಬೆಳಗಿನ ಹೊತ್ತು. ನಿನ್ನ ಅಜ್ಜ ಗಮಕಿಗಳ ಜೊತೆ ಕುಳಿತು ಕುಮಾರವ್ಯಾಸನನ್ನು ಕೇಳುತ್ತಿದ್ದಾಗ ಒಂದು ಪದ್ಯಕ್ಕೆ ಅರ್ಧ ಗಂಟೆ ನಿಲ್ಲುತ್ತಿದ್ದರು. ನನಗೆ ಆಗ ಬೇಸರವಾಗುತ್ತಿತ್ತು. ಅವರು ಹಾಗೆ ಏಕೆ ನಿಲ್ಲುತ್ತಿದ್ದರೆಂದು ತಿಳಿದದ್ದು ಈ ಪ್ರಬಂಧಗಳನ್ನು ಓದುವಾಗ. ಅಜ್ಜ ಇದ್ದಿದ್ದರೆ ಕೇಳಬೇಕಾಗಿದ್ದ ಪ್ರಶ್ನೆಗಳನ್ನು ಈ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ಬರೆದಿದ್ದೇನೆ. ಅವನ್ನು ಅಳಿಸಬೇಡ, ನಿನಗೆ ತೋಚಿದ ಉತ್ತರವಿದ್ದರೆ ಪಕ್ಕದಲ್ಲೇ ಬರೆ.

ಕೆ.ವಿ. ನಾರಾಯಣರ 'ನುಡಿಗಳ ಅಳಿವು' ಪೆಟ್ಟಿಗೆಯಲ್ಲಿಲ್ಲ. ಅದನ್ನು ನಾನಿನ್ನೂ ಓದುತ್ತಿದ್ದೇನೆ. ಮುಗಿಸಿದ ಮೇಲೆ ಕಳಿಸುತ್ತೇನೆ. ಮನೆಯಲ್ಲಿ ಮರಾಠಿ, ಹಿಂದಿ, ಕನ್ನಡ ಮೂರೂ ಬೆರೆತ ಮಕ್ಕಳನ್ನು ಬೆಳೆಸುತ್ತಿರುವ ನಿನ್ನ ಬಳಗಕ್ಕೆ ಭಾಷೆಯ ಅಳಿವು ಉಳಿವಿನ ಚರ್ಚೆ ಪುಸ್ತಕದೊಳಗಷ್ಟೇ ಇರುವುದಿಲ್ಲವಾದ್ದರಿಂದ, ಅದನ್ನು ಅವಸರದಲ್ಲಿ ಓದಿ ಕಳಿಸಲು ನನಗೆ ಇಷ್ಟವಿಲ್ಲ.

ಪಾರ್ಸೆಲ್ ಸೋಮವಾರ ಅಂಚೆಗೆ ಹಾಕುತ್ತೇನೆ. 'ಕುದಿ ಎಸರು' ಅಮ್ಮನ ಪ್ರತಿ; ಬಳಗದಲ್ಲಿ ಯಾರಿಗೇ ಕೊಟ್ಟರೂ ದೀಪಾವಳಿಗೆ ಬರುವಾಗ ಮರಳಿ ತರಬೇಕೆಂದು ಅವಳು ಎರಡು ಸಲ ಹೇಳಿದ್ದಾಳೆ. 'ಸಕೀನಾಳ ಮುತ್ತು' ಓದಿ ಮುಗಿಸಿದ ದಿನ ನನಗೆ ಫೋನ್ ಮಾಡು, ರಾತ್ರಿ ಎಷ್ಟು ಹೊತ್ತಾಗಿದ್ದರೂ ಸರಿ. ಪುಣೆಯ ಆ ಕೆಲಸ ನಿನಗೆ ಏಕೆ ಬೇಕೆನ್ನಿಸಿತೆಂದು ಕೇಳುವುದು ಬಾಕಿ ಇದೆ.

ಇತಿ,
ನಿನ್ನ ಅಪ್ಪ