ಕನ್ನಡಕ ಆಮೇಲೆ, ಮೊದಲು ಡಾಕ್ಟರಿಗೆ ಫೋನ್ ಮಾಡು

ಪ್ರೀತಿಯ ಪುಟ್ಟಾ,

ಅಪ್ಪನಿಗೆ ನಾಲ್ಕು ದಿನದಿಂದ ಕಣ್ಣು ಮಂಜು ಮಂಜು ಅಂತ ಬರೆದಿದ್ದೀಯ. ಸುಸ್ತಿಗೆ ಇರಬಹುದು, ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಕೇಳುತ್ತೇನೆ ಅಂದಿದ್ದೀಯ. ಬೇಡ. ಇವತ್ತೇ ಅವರ ಕ್ಯಾನ್ಸರ್ ಡಾಕ್ಟರಿಗೆ ಹೇಳು.

ನಿನ್ನ ದೊಡ್ಡಪ್ಪನ ವಿಷಯದಲ್ಲಿ ನಾನು ಮಾಡಿದ ತಪ್ಪು ಇದೇ. ಕಾಯಿಲೆ ಇರುವುದು ಶ್ವಾಸಕೋಶದಲ್ಲಿ, ಕಣ್ಣಿಗೇನಾಗುತ್ತೆ ಅಂದುಕೊಂಡೆ. ಪೊರೆ ಇರಬೇಕು ಅಂದರು ಒಬ್ಬರು. ಹೊಸ ಕನ್ನಡಕ ಮಾಡಿಸಲು ಕೊಟ್ಟು ಎರಡು ವಾರ ಸುಮ್ನೆ ಕಾದೆವು. ನೋವಿಲ್ಲ, ಕಣ್ಣು ಕೆಂಪಾಗಿಲ್ಲ. ಗಾಬರಿ ಯಾಕೆ ಅನ್ನಿಸಿತ್ತು. ಒಂದು ದಿನ ದೊಡ್ಡಪ್ಪ ಹೊಸ ಕೆಂಪು ಹೊದಿಕೆ ನೋಡಿ, "ಇದ್ಯಾಕೆ ಇಷ್ಟು ಬೇಗ ಬಣ್ಣ ಬಿಟ್ಟಿತು?" ಅಂದರು. ಆಗ ನನ್ನ ಎದೆ ಧಸಕ್ ಅಂತು. ಕಣ್ಣಿನ ನರ ಕೆಟ್ಟಾಗ ಕೆಂಪು ಪೇಲವವಾಗಿ ಕಾಣುತ್ತದೆ ಅಂತ ಆಮೇಲೆ ತಿಳಿಯಿತು.

ಕಣ್ಣಿಂದ ಮಿದುಳಿಗೆ ಹೋಗುವ ಆ ನರದಲ್ಲಿ 10 ಲಕ್ಷದಷ್ಟು ಎಳೆಗಳಿವೆಯಂತೆ. ಅದಕ್ಕೆ ಉರಿಯೂತ ಬಂದರೆ ಕೆಲವೇ ದಿನಗಳಲ್ಲಿ ದೃಷ್ಟಿ ಇಳಿಯಬಹುದು. ದೊಡ್ಡಪ್ಪನಿಗೆ ಇದ್ದದ್ದು ಸ್ಮಾಲ್ ಸೆಲ್ ಅನ್ನುವ ಬಗೆಯ ಶ್ವಾಸಕೋಶದ ಕ್ಯಾನ್ಸರ್. ಗೆಡ್ಡೆಯ ಮೇಲೆ ಹೋರಾಡಲು ಎದ್ದ ದೇಹದ ರೋಗನಿರೋಧಕ ಶಕ್ತಿಯೇ ತಿರುಗಿ ನರಕ್ಕೆ ಹೊಡೆದಿತ್ತು. ಅದರ ಗುರುತಾಗಿ ರಕ್ತದಲ್ಲಿ ಸಿಆರ್‌ಎಂಪಿ-5 ಅನ್ನುವ ಪ್ರತಿಕಾಯ (ಆ ಶಕ್ತಿ ತಯಾರಿಸುವ ಪ್ರೋಟೀನ್) ಸಿಕ್ಕಿತು. ಕೆಲವರಿಗೆ ಕ್ಯಾನ್ಸರ್ ಗೊತ್ತಾಗುವ ಮೊದಲೇ ಕಣ್ಣು ಮಂಜಾಗುತ್ತದೆಯಂತೆ, ನೋಡು.

ಅಪ್ಪನದು ಬೇರೆ ಇರಬಹುದು. ಅವರು ತೆಗೆದುಕೊಳ್ಳುತ್ತಿರುವುದು ಪೆಂಬ್ರೊಲಿಜುಮ್ಯಾಬ್ ಅಲ್ವಾ? ಅದು ಇಮ್ಯುನೋಥೆರಪಿ, ಅಂದರೆ ರೋಗನಿರೋಧಕ ಶಕ್ತಿಯನ್ನು ಕ್ಯಾನ್ಸರ್ ಮೇಲೆ ಎಬ್ಬಿಸುವ ಔಷಧಿ. ಅಪರೂಪಕ್ಕೆ ಅದರಿಂದಲೂ ನರಕ್ಕೆ ಉರಿಯೂತ ಬರುತ್ತದೆ. ಇಲ್ಲವೇ ಕ್ಯಾನ್ಸರ್ ಮಿದುಳನ್ನು ಸುತ್ತಿರುವ ಪೊರೆಗೆ ಹರಡಿರಲೂಬಹುದು. ಬರೆಯಲು ಕೈ ಬರುತ್ತಿಲ್ಲ, ಆದರೆ ನಿನಗೆ ಗೊತ್ತಿರಬೇಕು. ಯಾವುದು ಅಂತ ನಾವು ಊಹಿಸಿ ಕೂರುವುದಲ್ಲ. ಎಂಆರ್‌ಐ, ಬೆನ್ನುಹುರಿಯ ನೀರಿನ ಪರೀಕ್ಷೆ ಹೇಳಿದರೆ ಹೆದರಿ ಮುಂದಕ್ಕೆ ಹಾಕಬೇಡ. ಉರಿಯೂತವೇ ಆಗಿದ್ದರೆ ಸಾಮಾನ್ಯವಾಗಿ ಸ್ಟಿರಾಯ್ಡ್ ಕೊಡುತ್ತಾರೆ. ಅದನ್ನು ನೀವಾಗಿ ಶುರು ಮಾಡಬಾರದು, ಶುರುವಾದ ಮೇಲೆ ನೀವಾಗಿ ನಿಲ್ಲಿಸಲೂಬಾರದು. ಅದರಿಂದ ರಕ್ತದ ಸಕ್ಕರೆ ಜಾಸ್ತಿಯಾಗಬಹುದು, ಗಮನವಿರಲಿ. ಇಮ್ಯುನೋಥೆರಪಿ ನಿಲ್ಲಿಸಬೇಕೋ ಬೇಡವೋ ಅವರೇ ಹೇಳಲಿ.

ಫೋನ್ ಮಾಡುವ ಮೊದಲು ಒಂದು ಕೆಲಸ ಮಾಡು. ಒಂದೊಂದೇ ಕಣ್ಣು ಮುಚ್ಚಿಸಿ ನೋಡಿಸು. ಎರಡೂ ತೆರೆದಿದ್ದರೆ ಚೆನ್ನಾಗಿರುವ ಕಣ್ಣು ಇನ್ನೊಂದರ ಹುಳುಕು ಮುಚ್ಚಿಬಿಡುತ್ತದೆ. ಯಾವತ್ತು ಶುರುವಾಯಿತು, ಕಣ್ಣು ಹೊರಳಿಸಿದರೆ ನೋವಿದೆಯಾ, ತಲೆನೋವು, ವಾಂತಿ ಇದೆಯಾ, ಎಲ್ಲ ಚೀಟಿಯಲ್ಲಿ ಬರೆದುಕೋ. "ಏನೂ ಇಲ್ಲ ಬಿಡು" ಅಂತ ಅಪ್ಪ ಅಂದೇ ಅನ್ನುತ್ತಾರೆ, ಅವರ ಅಣ್ಣನೂ ಹಾಗೇ ಅಂದಿದ್ದರು. ಚಿಕಿತ್ಸೆ ಆದ ಮೇಲೆ ದೊಡ್ಡಪ್ಪನ ಬಲಗಣ್ಣು ಸುಮಾರಾಗಿ ಸುಧಾರಿಸಿತು. ಎಡಗಣ್ಣು ಮರಳಲಿಲ್ಲ. ಆ ಎರಡು ವಾರ ಈಗಲೂ ನನ್ನನ್ನು ಕೊರೆಯುತ್ತದೆ.

ಡಾಕ್ಟರು ಏನಂದರು ಅಂತ ರಾತ್ರಿ ಹೇಳು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ ದೊಡ್ಡಮ್ಮ