ಕ್ಯಾಸೆಟ್‌ನಲ್ಲಿ ಅಳಿಸಿಹೋದ ಜಾಗ

ಮಂಡ್ಯ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಮನೆ ಕಡೆ ವಿಷಯವೆಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳಿರುತ್ತಾನೆ. ಅದನ್ನು ಮತ್ತೆ ಬರೆಯುವುದಿಲ್ಲ. ನಿನ್ನ ಕಾಗದದ ಕೊನೆಯಲ್ಲಿ ಸುಮ್ನೆ ಎಂಬಂತೆ ಒಂದು ಮಾತು ಹಾಕಿದ್ದೀಯಲ್ಲ, ಅದು ನನ್ನನ್ನು ಬಿಡುತ್ತಿಲ್ಲ. ಅಜ್ಜಿಯ ಸೋಬಾನೆ ಕ್ಯಾಸೆಟ್‌ನಲ್ಲಿ ಬೂಷ್ಟು ಹಿಡಿದು ದನಿ ಅಳಿಸಿಹೋದ ಕಡೆ ಕಂಪ್ಯೂಟರಿನ ಎಐ ಮಷೀನು ತಾನೇ ಊಹಿಸಿ ತುಂಬಿಕೊಟ್ಟಿದೆ, ತುಂಬ ಚೆನ್ನಾಗಿದೆ, ಅದಕ್ಕೇ ಭಯ ಅಂತ ಬರೆದಿದ್ದೀಯ. ಇನ್ನು ಸ್ವಲ್ಪ ದಿನ ಹೋದರೆ ಯಾವುದು ಅಜ್ಜಿಯದು, ಯಾವುದು ಮಷೀನಿನದು ಅಂತ ನಿನಗೇ ಗೊತ್ತಾಗುವುದಿಲ್ಲ ಅಂತ.

ಇಷ್ಟು ವರ್ಷ ಪೇಟೆಯಲ್ಲಿ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡಿದವನಿಗೆ ಈ ಭಯ ಬಂದಿರಲೇ ಇಲ್ಲ ಪುಟ್ಟಿ. ನಮ್ಮ ಯಂತ್ರಗಳಿಗೆ ತೆಗೆಯುವುದಷ್ಟೇ ಗೊತ್ತಿತ್ತು. ಟ್ರೆಬಲ್ ಇಳಿಸಿದರೆ ಸುಯ್ ಶಬ್ದ ಹೋಗುತ್ತಿತ್ತು, ಅದರ ಜೊತೆ ದನಿಯ ಹರಿತವೂ ಹೋಗುತ್ತಿತ್ತು. ಇಲ್ಲದ್ದನ್ನು ಸೇರಿಸುವ ಯಂತ್ರ ನಾನು ಕಂಡವನಲ್ಲ.

ಹಾಗಂತ ನಿನ್ನ ಭಯ ಪೂರ್ತಿ ಹೊಸದೂ ಅಲ್ಲ. 1976ರಲ್ಲಿ ಅಮೆರಿಕದ ಥಾಮಸ್ ಸ್ಟಾಕ್‌ಹ್ಯಾಮ್ ಎಂಬ ಎಂಜಿನಿಯರು ಇಟಲಿಯ ಹೆಸರಾಂತ ಗಾಯಕ ಎನ್ರಿಕೊ ಕರೂಸೊನ ಹಳೆಯ ಗ್ರಾಮಫೋನ್ ಪ್ಲೇಟುಗಳನ್ನು ಕಂಪ್ಯೂಟರಿನಲ್ಲಿ ಸರಿ ಮಾಡಿ ಹೊರತಂದರು. ಕರೂಸೊ ತೀರಿಕೊಂಡಿದ್ದು 1921ರಲ್ಲಿ. ಆಗಿನ ಕಾಲಕ್ಕೆ ಮೈಕ್ ಇಲ್ಲ, ತಗಡಿನ ಕೊಳವೆಯೊಳಗೆ ಹಾಡಬೇಕು. ಆ ಕೊಳವೆಯ ಗೊಗ್ಗರು ಎಷ್ಟು, ಗಂಟಲು ಎಷ್ಟು ಅಂತ ಬಿಡಿಸಲು ಸ್ಟಾಕ್‌ಹ್ಯಾಮ್ ಇನ್ನೊಬ್ಬ ಗಾಯಕ ಹಾಡಿದ ಹೊಸ ರೆಕಾರ್ಡನ್ನು ಅಳತೆಗೆ ಇಟ್ಟುಕೊಂಡರು. ಅಂದರೆ ಅಲ್ಲೂ ಬೇರೊಬ್ಬರ ಗಂಟಲು ಒಂದು ಚೂರು ಬಂತು, ಅಲ್ವಾ? ಆದರೆ ಹೇಗೆ ಮಾಡಿದೆ ಅಂತ ಅವರು ಬರೆದಿಟ್ಟರು. ಓದಿದವರಿಗೆ ಅನುಮಾನ ಪಡಲು ದಾರಿ ಉಳಿಯಿತು. ನಿನ್ನ ಮಷೀನು ತುಂಬಿದ ಜಾಗದಲ್ಲಿ ಆ ದಾರಿ ಮುಚ್ಚಿಹೋಗುತ್ತದೆ ಅನ್ನುವುದೇ ನಿನ್ನ ಕಳವಳ ಅಂತ ನನಗೆ ತೋರುತ್ತದೆ.

ಇನ್ನೊಂದು ವಿಷಯ. ಹಾಡಿನ ಕೊನೆಗೆ ಅಜ್ಜಿ ದನಿ ತೆಳ್ಳಗೆ, ಎತ್ತರಕ್ಕೆ ಹೋಗುತ್ತದೆ, ಮದುವೆ ಮನೆ ಹುರುಪು ಇರಬೇಕು ಅಂತ ಬರೆದಿದ್ದೀಯ. ಹುರುಪಲ್ಲ ಕಣೇ, ಸೆಲ್ಲು. ಅವತ್ತು ಕರೆಂಟ್ ಇರಲಿಲ್ಲ, ಸೆಲ್ ಹಾಕಿ ರೆಕಾರ್ಡ್ ಮಾಡಿದೆವು. ಈಗಿನ ನಿಮ್ಮ ಲಿಥಿಯಂ ಬ್ಯಾಟರಿ ಬಹಳ ಹೊತ್ತು ಒಂದೇ ಸಮ ಇರುತ್ತದೆ, ಆಮೇಲೆ ಒಮ್ಮೆಲೇ ಕೈಕೊಡುತ್ತದೆ. ಆಗಿನದು ಸತು, ಮ್ಯಾಂಗನೀಸ್ ಡೈಆಕ್ಸೈಡಿನ ಸೆಲ್, 1866ರಲ್ಲಿ ಫ್ರಾನ್ಸಿನ ಲೆಕ್ಲಾಂಶೆ ಕಂಡುಹಿಡಿದ ಬಗೆಯದು. 1.5 ವೋಲ್ಟಿನಿಂದ ಶುರುವಾಗಿ ಕೆಲಸ ಮಾಡಿದಷ್ಟೂ ಇಳಿಯುತ್ತಾ ಹೋಗುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಚೇತರಿಸಿಕೊಳ್ಳುತ್ತದೆ. ನಾವೆಲ್ಲ ಬಿಸಿಲಿಗೆ ಇಟ್ಟು ಮತ್ತೆ ಹಾಕುತ್ತಿದ್ದೆವು. ಸೆಲ್ ಇಳಿದರೆ ಮೋಟಾರು ನಿಧಾನ. ನಿಧಾನಕ್ಕೆ ತುಂಬಿಕೊಂಡ ಟೇಪನ್ನು ಸರಿಯಾದ ವೇಗದಲ್ಲಿ ಹಾಕಿದರೆ ದನಿ ಏರುತ್ತದೆ.

ಇದನ್ನು ಸರಿ ಮಾಡಲು ಮಾತ್ರ ಹೆದರಬೇಡ. ಅದಕ್ಕೆ ಟೇಪಿನಲ್ಲೇ ಸಾಕ್ಷಿ ಇದೆ. ನಡುಮನೆಯ ಲೋಲಕದ ಗಡಿಯಾರ ಹಿಂದೆ ಟಿಕ್ ಟಿಕ್ ಅನ್ನುತ್ತಿರುತ್ತದೆ, ಕಿವಿಗೊಟ್ಟು ಕೇಳು. ಕೊನೆಗೆ ಬರುತ್ತಾ ಆ ಟಿಕ್ ಟಿಕ್ ಹತ್ತಿರ ಹತ್ತಿರವಾಗುತ್ತದೆ. ಎಷ್ಟು ಹತ್ತಿರವಾಯಿತು ಅಂತ ಅಳೆದರೆ ಅಷ್ಟೇ ಹಿಂದಕ್ಕೆ ಎಳೆಯಬಹುದು. ಅಳಿಸಿದ ಸಾಲಿನ ಪದಗಳಿಗೂ ಒಂದು ದಾರಿ ಹೊಳೆಯುತ್ತದೆ. ಸೋಬಾನೆಯಲ್ಲಿ ಒಬ್ಬರು ಹೇಳಿಕೊಟ್ಟಿದ್ದನ್ನು ಉಳಿದವರು ಸೊಲ್ಲು ಹಿಡಿದು ಮತ್ತೆ ಹೇಳುತ್ತಾರಲ್ಲ. ಅಮ್ಮನ ಸಾಲು ಹೋಗಿದ್ದರೂ ಹಿಂದೆ ಹಾಡಿದ ಹೆಂಗಸರ ಸಾಲು ಉಳಿದಿರಬಹುದು. ಪದ ಸಿಗುತ್ತದೆ, ದನಿ ಸಿಗುವುದಿಲ್ಲ. ಮತ್ತೆ ನಿನ್ನ ಭಯಕ್ಕೇ ಬಂದೆ ನೋಡು.

ಅಂಗಡಿಯಲ್ಲಿ ಊರವರ ಕ್ಯಾಸೆಟ್ ಎಲ್ಲ ಸರಿ ಮಾಡಿದೆ. ಅಮ್ಮನನ್ನು ಕೂರಿಸಿ ಕರೆಂಟ್ ಇರುವಾಗ ಇನ್ನೊಂದು ಸಲ ಹಾಡಿಸಬೇಕು ಅಂದುಕೊಳ್ಳುತ್ತಲೇ ಇದ್ದೆ. ಗದ್ದೆ ಕೆಲಸ ಮುಗಿಯಲಿ ಅನ್ನುವಳು ಅವಳು. ಈ ಹಬ್ಬದ ಗಿರಾಕಿ ಮುಗಿಯಲಿ ಅನ್ನುವವನು ನಾನು. ಇದು ಈಗ ಯಾಕೆ ಬರೆದೆನೋ.

ಮಷೀನು ತುಂಬಿದ್ದನ್ನು ಬಿಸಾಡು ಅಂತ ನಾನು ಹೇಳುವುದಿಲ್ಲ. ನಿಮ್ಮ ಅತ್ತೆಯರು ಪೂರ್ತಿ ಹಾಡು ಕೇಳಲು ಕಾಯುತ್ತಿದ್ದಾರೆ. ಬೇರೆ ಫೈಲು ಮಾಡಿ ಗುರುತು ಹಾಕಿಡು ಅನ್ನೋಣ ಅಂದರೆ, ಫೈಲಿನ ಹೆಸರು ಒಂದು ಫೋನಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಬದಲಾಗಿರುತ್ತದೆ. 1902ರಲ್ಲಿ ಕಲ್ಕತ್ತದಲ್ಲಿ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಪ್ಲೇಟು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ, ಯಾರ ಹಾಡು ಅಂತ ಅಲ್ಲಿಯವರಿಗೆ ತಿಳಿಯಬೇಕಲ್ಲ. ಕೊನೆಗಾಲಕ್ಕೆ ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ನಮ್ಮ ಮೈಸೂರಿನಲ್ಲೇ ತೀರಿಕೊಂಡಳು. ನೀನೂ ಹಾಡು ಮುಗಿದ ಮೇಲೆ ನಿನ್ನ ದನಿಯಲ್ಲೇ ಹೇಳಿಬಿಡು: ಯಾವ ಊರು, ಯಾರ ಹಾಡು, ಯಾವ ಸಾಲಿನಿಂದ ಯಾವ ಸಾಲಿನವರೆಗೆ ಮಷೀನಿನದು. ಸ್ಟುಡಿಯೋದವರಿಗೆ ಇದು ಹಳ್ಳಿ ಬುದ್ಧಿ ಅನ್ನಿಸಬಹುದು. ನಿನಗೆ ಸರಿ ಕಂಡರೆ ಮಾಡು.

ಮರೆತಿದ್ದೆ. ಮತ್ತೆ ಪ್ಲೇ ಮಾಡುವಾಗ ಸುಯ್ ಶಬ್ದ ತಗ್ಗಿಸುವ ಡಾಲ್ಬಿ ಬಟನ್ ಒತ್ತಬೇಡ. ಡಾಲ್ಬಿ ಹಾಕಿ ರೆಕಾರ್ಡ್ ಮಾಡಿದ ಟೇಪಿಗೆ ಮಾತ್ರ ಅದು ಸರಿ, ನಮ್ಮದಕ್ಕೆ ದನಿ ಮಂಕಾಗುತ್ತದೆ. ಪ್ಲೇಯರಿನಲ್ಲಿ ಟೇಪ್ ತಾಗುವ ಹೆಡ್ಡನ್ನು ಸ್ಪಿರಿಟ್‌ನಲ್ಲಿ ಒರೆಸು. ಕ್ಯಾಸೆಟ್ ಹಿಂದಿನ ಎರಡು ಚಿಕ್ಕ ಪ್ಲಾಸ್ಟಿಕ್ ತುಂಡು ಮುರಿದುಬಿಡು, ಆಗ ಅದರ ಮೇಲೆ ಯಾರೂ ರೆಕಾರ್ಡ್ ಮಾಡಲಾಗುವುದಿಲ್ಲ. ತುಂಬದೆ ಇರುವ ಫೈಲನ್ನು ನನಗೆ ಮೊದಲು ಕಳಿಸು. ತುಂಬಿದ್ದು ಆಮೇಲೆ ಕೇಳುತ್ತೇನೆ.

ನಿನ್ನ ದೊಡ್ಡಪ್ಪ